ಗುಳೆ ಮಕ್ಕಳ ಕೆಲಸ: ಮೊದಲು ಫೆಲೋಶಿಪ್ಪೋ, ಟ್ರಸ್ಟೋ?

ದೇವದುರ್ಗದ ತಂಡ: ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಗುಳೆ ಹೋದಾಗ ಮಕ್ಕಳು ಅಜ್ಜಿ ಹತ್ತಿರ ಉಳಿದು ಶಾಲೆ ಬಿಡದಂತೆ ನೋಡಿಕೊಳ್ಳುವ ಕೆಲಸ ನಮ್ಮದು. ನಾಲ್ಕು ಹಳ್ಳಿ, ಮೂರು ಜನ. ನೋಂದಣಿ ಆಗಿಲ್ಲ, ಸಂಬಳವೂ ಇಲ್ಲ. ಅಶೋಕ ಫೆಲೋಶಿಪ್‌ಗೆ ಪ್ರಯತ್ನಿಸಿ ಅಂತ ಕೆಲವರು, ಮೊದಲು ಟ್ರಸ್ಟ್ ಮಾಡಿ ಅಂತ ಇನ್ನು ಕೆಲವರು. ಯಾವುದು ಮೊದಲು? ಬಂದ ಹಣದಲ್ಲಿ ನಾವು ಸಂಬಳ ತೆಗೆದುಕೊಳ್ಳಬಹುದೇ?

ಕೃಷ್ಣಾತೀರ: ಅಶೋಕ ಈಗಲೇ ಬೇಡ. ಸಮಾಜದ ಸಮಸ್ಯೆಗೆ ಹೊಸ ದಾರಿ ಹುಡುಕುವವರಿಗೆ ಬೆಂಬಲ ಕೊಡಲು 1980ರಲ್ಲಿ ಬಿಲ್ ಡ್ರೇಟನ್ ಕಟ್ಟಿದ ಆ ಸಂಸ್ಥೆ ಆರಿಸುವುದು ವ್ಯಕ್ತಿಯನ್ನು. ನಾಮನಿರ್ದೇಶನ ಆದಮೇಲೆ ಕೆಲಸದ ಜಾಗಕ್ಕೇ ಬಂದು ನೋಡುತ್ತಾರೆ, ಹೊರದೇಶದ ಹಿರಿಯ ಪ್ರತಿನಿಧಿಯೊಬ್ಬರು ದೀರ್ಘ ಸಂದರ್ಶನ ಮಾಡುತ್ತಾರೆ, ಆಮೇಲೆ ಆಯ್ಕೆ ಸಮಿತಿ, ಕೊನೆಗೆ ಮಂಡಳಿ. ಆಯ್ಕೆಯಾದವರು ಪೂರ್ತಿ ಸಮಯ ಅದೇ ಕೆಲಸಕ್ಕೆ ಇಳಿಯಬೇಕು. ಅಗತ್ಯ ಇದ್ದವರಿಗೆ ಮೂರು ವರ್ಷದವರೆಗೆ ಜೀವನವೆಚ್ಚ ಸಿಗುತ್ತದೆ. ಅದು ಹಳ್ಳಿಗಳಲ್ಲಿ ಕೆಲಸ ನಡೆಸುವ ಹಣ ಅಲ್ಲ. "ಸಂಜೆ ಪಾಠ ಹೇಳುತ್ತೇವೆ" ಅಂದರೆ ಅಲ್ಲಿ ಸಾಲದು. ನಿಮ್ಮ ದಾರಿಯನ್ನು ಬೇರೆ ಜಿಲ್ಲೆಯವರು, ಶಿಕ್ಷಣ ಇಲಾಖೆಯವರು ಹೇಗೆ ಎತ್ತಿಕೊಳ್ಳಬಹುದು ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ.

ನಿಮ್ಮ ಹಂತಕ್ಕೆ ಇನ್‌ಕ್ಯುಬೇಟರ್, ಅಂದರೆ ಹೊಸ ಸಂಸ್ಥೆಗಳನ್ನು ಕೈಹಿಡಿದು ಬೆಳೆಸುವ ಸಂಸ್ಥೆ, ಸರಿ. ವಿಪ್ರೋ ಫೌಂಡೇಶನ್ ಶಾಲಾ ಶಿಕ್ಷಣದ ಹೊಸ ಸಂಸ್ಥೆಗಳಿಗೆ ಆರಂಭದ ನೆರವು ಕೊಡುತ್ತಾ ಬಂದಿದೆ, ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನ ದಿ/ನಡ್ಜ್, ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸಿಇಎಲ್ ಕೂಡ ಇವೆ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಲೆಕ್ಕ ಇಲ್ಲದ್ದರಿಂದ. ಜನ ಗುಳೆ ಹೊರಡುವ ಮುಂಚೆಯೇ ಮನೆಮನೆಗೆ ಹೋಗಿ ಪಟ್ಟಿ ಮಾಡಿ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ), ಯಾರ ಹತ್ತಿರ ಉಳಿಯುತ್ತದೆ, ಕಳೆದ ವರ್ಷ ಎಷ್ಟು ತಿಂಗಳು ಶಾಲೆ ತಪ್ಪಿತು. ಮುಖ್ಯಶಿಕ್ಷಕರ ಹಾಜರಿ ಪುಸ್ತಕದ ಜೊತೆ ಪ್ರತಿ ತಿಂಗಳು ತಾಳೆ ನೋಡಿ. ಊರಿಗೆ ಮರಳಿದ ಮೇಲೆ ಎಣಿಸಿದರೆ ಹೋದವರೆಷ್ಟು ಉಳಿದವರೆಷ್ಟು ಅಂತ ಯಾರೂ ನಂಬುವುದಿಲ್ಲ. ಅರ್ಜಿಗೆ ಒಟ್ಟು ಸಂಖ್ಯೆಗಳನ್ನಷ್ಟೇ ಹಾಕಿ, ಮಕ್ಕಳ ಹೆಸರು ಹೊರಗೆ ಹೋಗಬಾರದು.

ಲೆಕ್ಕಪತ್ರ: ನೋಂದಣಿ ವಿಷಯ ನಾನು ಹೇಳುತ್ತೇನೆ. ಕರ್ನಾಟಕದಲ್ಲಿ ಸೊಸೈಟಿಗೆ ಕನಿಷ್ಠ 7 ಜನ ಬೇಕು, ಮೂವರಿಗೆ ಟ್ರಸ್ಟ್ ಸುಲಭ. ಡೀಡ್ (ಟ್ರಸ್ಟಿನ ಉದ್ದೇಶ, ನಿಯಮ ಬರೆದ ಪತ್ರ) ಅನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಟ್ರಸ್ಟಿನ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿ, ಆಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ). ಕಂಪನಿಗಳ ಸಿಎಸ್‌ಆರ್ ಹಣ (ಕಾನೂನಿನಂತೆ ಸಮಾಜದ ಕೆಲಸಕ್ಕೆ ಅವು ಕೊಡುವ ಹಣ) ನೇರವಾಗಿ ಬರಬೇಕಾದರೆ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿಯೂ ಬೇಕು. ಟ್ರಸ್ಟ್ ಮುಚ್ಚಿದರೆ ಆಸ್ತಿ ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು ಅನ್ನುವ ಕಲಮು ಡೀಡ್‌ನಲ್ಲಿ ಇಲ್ಲದಿದ್ದರೆ 12ಎ ಅರ್ಜಿಗೆ ತಕರಾರು ಬರುತ್ತದೆ. ಆಗ ತಿದ್ದುಪಡಿ ಡೀಡ್, ಮತ್ತೆ ಖರ್ಚು. ಮೂವರೂ ಒಂದೇ ಮನೆಯವರಾದರೆ ದಾನಿಗಳು ಹಿಂದೆ ಸರಿಯುತ್ತಾರೆ.

ಸಂಬಳ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಟ್ರಸ್ಟಿ ಮಾಡುವ ಕೆಲಸಕ್ಕೆ ನ್ಯಾಯವಾದ ಸಂಬಳ ಕೊಡಲು ಡೀಡ್‌ನಲ್ಲಿ ಅವಕಾಶ ಇಡಿ. ಮೊತ್ತ, ಕೆಲಸ ಎರಡನ್ನೂ ಸಭೆಯ ನಡಾವಳಿಯಲ್ಲಿ ಬರೆದು ಬ್ಯಾಂಕ್ ಮೂಲಕವೇ ಕೊಡಿ. ಸಿಎಸ್‌ಆರ್‌ನಲ್ಲಿ ಆಡಳಿತಕ್ಕೆ 5% ಮಾತ್ರ ಅಂತ ಯಾರಾದರೂ ನಿಮ್ಮ ಸಂಬಳ ಕತ್ತರಿಸಲು ಬಂದರೆ ಒಪ್ಪಬೇಡಿ. ಆ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಇರುವುದು.

ದೇವದುರ್ಗದ ತಂಡ: ತುಂಬಾ ಉಪಕಾರ ಆಯ್ತು ಸರ್. ವಿದೇಶದಲ್ಲಿರುವ ಕನ್ನಡಿಗರು ಹಣ ಕಳಿಸಲು ಸಿದ್ಧರಿದ್ದಾರೆ. ಸದ್ಯಕ್ಕೆ ಬೇರೆ ಸಂಸ್ಥೆಯ ಎಫ್‌ಸಿಆರ್‌ಎ ಖಾತೆಗೆ (ವಿದೇಶಿ ದೇಣಿಗೆ ಪಡೆಯಲು ಅನುಮತಿ ಇರುವ ಖಾತೆ) ಹಾಕಿಸಿ, ಅಲ್ಲಿಂದ ಪಡೆಯಬಹುದೇ?

ಲೆಕ್ಕಪತ್ರ: ಬೇಡವೇ ಬೇಡ. ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಇಬ್ಬರೂ ಸಿಕ್ಕಿಬೀಳುತ್ತೀರಿ. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ರಸೀದಿ ಜೊತೆ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದ್ದರೂ ಸರಿ, ಅವರಿಂದ ಈಗ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ.