ಬೋರ್ ನೀರು, ಹೊಂಗೆ ಮರ, ಕಪ್ಪು ಕಾರು: ಸೆರಾಮಿಕ್ ಕೋಟಿಂಗ್ ಹಾಕುಸ್ಲಾ ಬೇಡ್ವಾ?

ಮಂಡ್ಯದ್‌ ಹೈದ:
ಗುರುಗಳೇ, ಕಪ್ಪು ಕಾರು ತಗೊಂಡು ಮೂರು ವಾರ ಆಯ್ತು. ಶೋರೂಮ್‌ನೋರು ಸೆರಾಮಿಕ್ ಕೋಟಿಂಗ್‌ಗೆ, ಅದೇ ಪೇಂಟ್ ಮೇಲೆ ಹಚ್ಚೋ ತೆಳು ರಕ್ಷಣೆ ಪದರಕ್ಕೆ, 28 ಸಾವಿರ ಕೇಳ್ತಾವ್ರೆ, ಐದು ವರ್ಷ ವಾರಂಟಿ, 9ಎಚ್ ಅಂತೆ, ಕೀ ತಗೊಂಡು ಗೀಚಿದ್ರೂ ಏನೂ ಆಗಲ್ಲ ಅಂತಾವ್ರೆ. ನಮ್ಮನೇಲಿ ಶೆಡ್ ಇಲ್ಲ, ಹೊಂಗೆ ಮರದ ಕೆಳಗೇ ನಿಲ್ಸೋದು, ತೊಳ್ಯೋದು ಬೋರ್ ನೀರಲ್ಲಿ, ವಾರಕ್ಕೆ ಎರಡ್ಸಲ ಎಕ್ಸ್‌ಪ್ರೆಸ್‌ವೇಲಿ ಬೆಂಗಳೂರು. ಅಪ್ಪ ಅಂತೂ ಆ ದುಡ್ಡಲ್ಲಿ ಶೀಟ್ ಹೊಡ್ಸೋ ಅಂತ ಬಯ್ತಾ ಕೂತವ್ರೆ. ಹಾಕ್ಸಿರೋರು ಹೇಳಿ.

ಕುವೆಂಪುನಗರದೋನು:
ಕೀಲಿ ಗೀಚಿದ್ರೆ ಗೀರು ಬೀಳುತ್ತೆ ಗುರು, ಬೇಕಾದ್ರೆ ಅವರ ಡೆಮೊ ಗಾಡಿ ಮೇಲೆ ನಾನೇ ಗೀಚ್ತೀನಿ ಅನ್ನು, ಬಿಡ್ತಾರಾ ನೋಡು. 9ಎಚ್ ಅನ್ನೋದು ಪೆನ್ಸಿಲ್ ಸೀಸದ ಗಟ್ಟಿತನದ ಅಳತೆ, ವಜ್ರದ್ದಲ್ಲ. ಕಾರಿನ ಕ್ಲಿಯರ್ ಕೋಟೇ, ಅಂದ್ರೆ ಬಣ್ಣದ ಮೇಲಿರೋ ಪಾರದರ್ಶಕ ಪದರ, ಸುಮಾರು 40-50 ಮೈಕ್ರಾನ್, ಅದರ ಮೇಲೆ ಇದು ಒಂದೆರಡು ಮೈಕ್ರಾನ್ ಇದ್ರೆ ಹೆಚ್ಚು. ಲಾರಿ ಚಕ್ರದಿಂದ ಸಿಡಿಯೋ ಕಲ್ಲಿಗೆ ಇದೆಲ್ಲಿ ತಡ್ಕೊಳ್ಳುತ್ತೆ? ಅದಕ್ಕೆ ಪಿಪಿಎಫ್ ಬೇಕು, ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅಂತ, ಪೇಂಟ್ ಮೇಲೆ ಅಂಟಿಸೋ ದಪ್ಪ ಫಿಲ್ಮು. ಪೂರ್ತಿ ಕಾರಿಗೆ ಹಾಕ್ಸೋಕೆ ಹೋದ್ರೆ ಜೇಬು ಖಾಲಿ, ಬಾನೆಟ್ಟು ಬಂಪರ್ರಿಗೆ ಸಾಕು.

ಪಟ್ಟಣದ ಹುಡುಗ:
ನಂದು ಕೇಳಿ. ನಾನು ಮೈಸೂರಲ್ಲಿ ಹಾಕ್ಸಿದ್ದೆ, ಎರಡು ದಿನ ನೀರು ತಾಕಿಸ್ಬೇಡಿ, ಒಂದು ವಾರ ಶ್ಯಾಂಪೂ ಬೇಡ ಅಂದಿದ್ರು, ಅವತ್ತು ರಾತ್ರೀನೇ ಜಡಿಮಳೆ, ಹೊರಗೆ ನಿಂತಿದ್ದ ಗಾಡಿ ಮೈತುಂಬ ಚುಕ್ಕೆ. ಶೆಡ್ ಇಲ್ಲದೆ ಹಾಕ್ಸೋಕೆ ಹೋಗ್ಬೇಡಿ. ಬೋರ್ ನೀರಿಂದು ಇನ್ನೊಂದು ಕತೆ. ಕೋಟಿಂಗ್ ಮೇಲೆ ನೀರು ಮುತ್ತಿನಂಗೆ ನಿಲ್ಲುತ್ತೆ, ವಿಡಿಯೋ ಮಾಡೋಕೆ ಚೆಂದ, ಆದ್ರೆ ಬಿಸಿಲಿಗೆ ಆ ಹನಿ ಒಣಗಿದ್ರೆ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು ಅಲ್ಲೇ ಕೂತು ಬಿಳಿ ಉಂಗುರ, ಕಪ್ಪು ಕಾರಲ್ಲಂತೂ ಕಣ್ಣಿಗೆ ಹೊಡೆಯುತ್ತೆ. ನೆರಳಲ್ಲಿ ತೊಳ್ದು ಆಗ್ಲೇ ಮೈಕ್ರೋಫೈಬರ್‌ನಲ್ಲಿ ಒರೆಸಿ. ಹೊಸ ಕಲೆ ಆದ್ರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ತೊಳೆದ್ರೆ ಹೋಗುತ್ತೆ, ಹಳೇದಾದ್ರೆ ಪಾಲಿಶೇ ಗತಿ.

ಮಂಡ್ಯದ್‌ ಹೈದ:
ಅಲ್ಲಣ್ಣ, ಹಂಗಾದ್ರೆ ಪ್ರಯೋಜನ ಏನು ಮತ್ತೆ?

ಕುವೆಂಪುನಗರದೋನು:
ಪೂರ್ತಿ ದಂಡ ಅಂತ ನಾನೆಲ್ಲಿ ಅಂದೆ. ಕೆಸರು ಕಚ್ಕೊಳ್ಳಲ್ಲ, ತೊಳ್ಯೋದು ಅರ್ಧ ಹೊತ್ತಲ್ಲಿ ಮುಗಿಯುತ್ತೆ, ಹಕ್ಕಿ ಹಿಕ್ಕೆ ಬಿದ್ರೆ ಒರೆಸೋಕೆ ಸ್ವಲ್ಪ ಟೈಮ್ ಸಿಗುತ್ತೆ. ಹಂಗಂತ ದಿನಗಟ್ಲೆ ಬಿಟ್ರೆ ಅದೂ ಕೊರೆಯುತ್ತೆ. ಇನ್ನೊಂದು, ಕೋಟಿಂಗ್ ಗೀರನ್ನ ಮುಚ್ಚಲ್ಲ, ಇರೋ ಗೀರನ್ನ ಒಳಗೆ ಇಟ್ಟು ಬೀಗ ಹಾಕುತ್ತೆ, ಅದಕ್ಕೇ ಮೊದಲು ಪಾಲಿಶ್ ಮಾಡ್ಬೇಕು, ಕೆಲಸ ಇರೋದೇ ಅಲ್ಲಿ. ಎರಡು ಗಂಟೇಲಿ ಗಾಡಿ ಕೊಡ್ತೀವಿ ಅನ್ನೋರ ಹತ್ರ ಹೋಗ್ಬೇಡ. ಪಾಲಿಶ್ ಆದ್ಮೇಲೆ, ಕೋಟಿಂಗ್‌ಗೆ ಮುಂಚೆ, ಗೀರು ಉಳಿದಿದ್ಯಾ ಅಂತ ಲೈಟ್ ಬಿಟ್ಟು ತೋರ್ಸಿ ಅನ್ನು. ವಾರಂಟಿ ಕಾರ್ಡೂ ಓದು, ವರ್ಷಾ ವರ್ಷ ದುಡ್ಡು ಕೊಟ್ಟು ಸರ್ವಿಸ್ ಮಾಡಿಸ್ಲಿಲ್ಲ ಅಂದ್ರೆ ಕ್ಯಾನ್ಸಲ್ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇರಬೋದು.

ಆಲೆಮನೆ:
ದಿನಾ ಬೆಳಿಗ್ಗೆ ಒಣ ಬಟ್ಟೇಲಿ ಧೂಳು ಒರೆಸ್ತೀಯಾ? ಕಬ್ಬಿನ ಗಾಡಿ ಓಡಾಡೋ ರಸ್ತೆ ಧೂಳು ಅಂದ್ರೆ ಮರಳೇ, ಉಪ್ಪುಕಾಗದ ಉಜ್ಜಿದಂಗೆ. ಮೊದಲು ಅದನ್ನ ನಿಲ್ಸು.

ಮಂಡ್ಯದ್‌ ಹೈದ:
ಅಯ್ಯೋ, ಮೂರು ವಾರದಿಂದ ಅದೇ ಮಾಡ್ತಿರೋದು. ಅದೂ ಅಪ್ಪನ ಹಳೇ ಪಂಚೇಲಿ. ಆಯ್ತು, ಶೀಟ್ ಹೊಡ್ಸೋಕೆ ರೇಟ್ ಕೇಳ್ತೀನಿ, ಬಾನೆಟ್‌ಗೆ ಪಿಪಿಎಫ್ ದಸರಾ ಆದ್ಮೇಲೆ ನೋಡೋಣ.