‘ಪ್ರಿಸರ್ವ್ಡ್ ಫಾರ್ಮ್’ ಕೊಳ್ಳಬಹುದಾ? ಬೇಟೆಗೆ ಕ್ಯಾಮೆರಾ ಕಟ್ಟಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನ್ಯೂಜೆರ್ಸಿಯ ಹಂಟರ್‌ಡನ್ ಕೌಂಟಿಯಲ್ಲಿ 32 ಎಕರೆ ಜಮೀನು ನೋಡಿದ್ದೇವೆ. ಹಳೇ ಮನೆ ಒಂದಿದೆ. ಅಕ್ಕಪಕ್ಕದ ಜಮೀನಿಗಿಂತ ರೇಟು ತುಂಬಾ ಕಡಿಮೆ. ‘ಪ್ರಿಸರ್ವ್ಡ್ ಫಾರ್ಮ್‌ಲ್ಯಾಂಡ್’ ಅಂತ ಬೋರ್ಡಿದೆ. ಮುಂದೆ ಮಗನಿಗೆ ಅಲ್ಲೇ ಒಂದು ಮನೆ ಕಟ್ಟಿಕೊಡಬಹುದಾ? ಜಿಂಕೆ ಕಾಟ ಜಾಸ್ತಿಯಂತೆ, ಬೇಟೆಯವರನ್ನು ಬಿಡಬಹುದಾ? ಬೇಟೆಗೆ ಅಂತ ಮರಕ್ಕೆ ಟ್ರೇಲ್ ಕ್ಯಾಮೆರಾ (ಪ್ರಾಣಿ ಓಡಾಡಿದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟೋದೇ ತಪ್ಪು ಅಂತ ಅರಿಜೋನಾದ ಗೆಳೆಯ ಹೇಳ್ತಾನೆ.

ಉತ್ತರ: ರೇಟು ಕಡಿಮೆ ಇರೋದು ಆ ಬೋರ್ಡಿನಿಂದಲೇ. ಕೃಷಿಭೂಮಿ ಉಳಿಸೋಕೆ ನ್ಯೂಜೆರ್ಸಿ ಮಾಡಿದ 1983ರ ಕಾಯ್ದೆಯ ಕೆಳಗೆ ಹಿಂದಿನ ಮಾಲೀಕರು ಜಮೀನಿನಲ್ಲಿ ಮನೆ, ಅಂಗಡಿ ಕಟ್ಟುವ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಸರ್ಕಾರದಿಂದ ಹಣವನ್ನೂ ಪಡೆದಿರುತ್ತಾರೆ. ಆ ನಿರ್ಬಂಧ ಮಾಲೀಕರ ಜೊತೆ ಹೋಗಲ್ಲ, ಮಣ್ಣಿನ ಜೊತೆ ಉಳಿಯುತ್ತೆ. ನೀವು ಕೊಂಡರೂ ಅಷ್ಟೇ, ನಿಮ್ಮ ಮೊಮ್ಮಕ್ಕಳಿಗೂ ಅಷ್ಟೇ.

ಮಗನ ಮನೆಯ ಆಸೆ ಇಟ್ಟುಕೊಂಡು ಕೊಳ್ಳಬೇಡಿ. ಡೀಡ್‌ನಲ್ಲಿ, ಅಂದರೆ ಈ ನಿರ್ಬಂಧ ಬರೆದಿರೋ ನೋಂದಣಿ ಪತ್ರದಲ್ಲಿ, ಹೊಸ ಮನೆಗೆ ಅವಕಾಶ ಬಿಟ್ಟಿದ್ದರೂ ಲೆಕ್ಕ 100 ಎಕರೆಗೆ ಒಂದು ಮಾತ್ರ. ಕೂಲಿಯವರಿಗೆ ಅಂತ ಅನುಮತಿ ಪಡೆದು ಕಟ್ಟಿದ ಮನೆಯಲ್ಲೂ ಮಾಲೀಕರ ಮಕ್ಕಳು ಇರುವಂತಿಲ್ಲ. ಉಳಿದಿರೋ ದಾರಿ ‘ಎಕ್ಸೆಪ್ಷನ್ ಏರಿಯಾ’, ಅಂದರೆ ಈ ನಿರ್ಬಂಧದಿಂದ ಮೊದಲೇ ಹೊರಗಿಟ್ಟ ತುಂಡು. ಅದರ ಷರತ್ತೂ ಡೀಡ್‌ನಲ್ಲೇ ಇರುತ್ತೆ. ನನ್ನ ಹತ್ತಿರ ಬಂದ ಒಂದು ಕುಟುಂಬ ಅಡ್ವಾನ್ಸ್ ಕೊಟ್ಟ ಮೇಲೆ ಸರ್ವೆ ನಕ್ಷೆ ಬಿಚ್ಚಿ ನೋಡಿತು. ಅವರು ಮನೆಗೆ ಗುರುತು ಹಾಕಿದ್ದ ಜಾಗ ಆ ತುಂಡಿನ ಗೆರೆಯಿಂದ ಆಚೆಗಿತ್ತು. ಆ ತಾಯಿ ನಕ್ಷೆಯ ಮೇಲೆ ಬೆರಳಿಟ್ಟು ‘ಇಷ್ಟೇನಾ?’ ಅಂತ ಕೇಳಿದ್ದು ನನಗೆ ಈಗಲೂ ನೆನಪಿದೆ.

ಬೇಟೆಗೆ ತೊಂದರೆಯಿಲ್ಲ. ಬೇಸಾಯಕ್ಕೆ ಅಡ್ಡಿಯಾಗದಿದ್ದರೆ ಬೇಟೆಯವರಿಂದ ಬಾಡಿಗೆಯನ್ನೂ ಪಡೆಯಬಹುದು ಅಂತ ರಾಜ್ಯದ ಮಾದರಿ ಡೀಡ್‌ನಲ್ಲೇ ಇದೆ. ಗಾಲ್ಫ್ ಕೋರ್ಸ್ ಮಾತ್ರ ಆಗಲ್ಲ.

ಪ್ರಶ್ನೆ: ಮತ್ತೆ ಕ್ಯಾಮೆರಾ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಅವರ ರಾಜ್ಯಕ್ಕೆ ಸರಿ. ಅರಿಜೋನಾದಲ್ಲಿ 2022ರ ಜನವರಿ 1ರಿಂದ ಬೇಟೆಗಾಗಿ ಟ್ರೇಲ್ ಕ್ಯಾಮೆರಾ ಬಳಸೋ ಹಾಗಿಲ್ಲ. ಅದು ಒಣ ನಾಡು. ಇರೋ ನಾಲ್ಕು ನೀರಿನ ಗುಂಡಿಗೇ ಎಲ್ಲರೂ ಕ್ಯಾಮೆರಾ ಕಟ್ಟಿದರೆ ಪ್ರಾಣಿ ಎಲ್ಲಿಗೆ ಹೋಗಬೇಕು? ನನಗಂತೂ ಆ ನಿಯಮ ನ್ಯಾಯವಾಗಿ ಕಾಣುತ್ತೆ. ದನ ಕಾಯೋಕೆ, ಕಳ್ಳರನ್ನು ನೋಡೋಕೆ ಅಲ್ಲೂ ಕಟ್ಟಬಹುದು. ನೆವಾಡಾದ್ದು ಬೇರೆ, ಅಲ್ಲಿ ಸಾರ್ವಜನಿಕ ಜಮೀನಿನಲ್ಲಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಿರ್ಬಂಧ. ಒಂದು ರಾಜ್ಯದ ನಿಯಮ ಇನ್ನೊಂದಕ್ಕೆ ಅನ್ವಯಿಸಲ್ಲ. ಹಾಗಾಗಿ ನಿಮ್ಮಲ್ಲಿ ಬೇಟೆ ಆಡುವವರು ನ್ಯೂಜೆರ್ಸಿ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮ ಪುಸ್ತಕ ನೋಡಿಯೇ ಕ್ಯಾಮೆರಾ ಕಟ್ಟಲಿ. ಪಕ್ಕದವರ ಮನೆ ಕಡೆ ಮಾತ್ರ ತಿರುಗಿಸಬೇಡಿ.

ಪ್ರಶ್ನೆ: ಏಜೆಂಟ್ ಒಂದು ಪುಟದ ಸಾರಾಂಶ ಕಳಿಸಿದ್ದಾರೆ. ಸಾಕಾ?

ಉತ್ತರ: ಸಾಲಲ್ಲ. ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಣಿಯಾದ ಪೂರ್ತಿ ಡೀಡ್, ಸರ್ವೆ ನಕ್ಷೆ ಎರಡನ್ನೂ ತರಿಸಿ. ಸಹಿ ಹಾಕೋ ಮುಂಚೆ ನಕ್ಷೆ ಹಿಡಿದು ಜಮೀನು ಸುತ್ತಿ ಬನ್ನಿ, ಮಗನನ್ನೂ ಕರೆದುಕೊಂಡು ಹೋಗಿ.