ತೋಟದ ದಾರಿಗೆ ಯಾವ ಫೋರ್ ಬೈ ಫೋರ್ ತೆಗೆದುಕೊಳ್ಳಲಿ? ಥಾರಾ, ಜಿಮ್ನಿಯಾ?

ರೊಬಸ್ಟಾ_ಹುಡುಗ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಟಾರ್ ರಸ್ತೆಯಿಂದ ಮನೆಗೆ ಸುಮಾರು ಎರಡು ಕಿಲೋಮೀಟರ್ ಮಣ್ಣಿನ ದಾರಿ, ಮಧ್ಯೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಕಡಿದಾದ ಚಡಾವು, ಅದರಲ್ಲೂ ಒಂದು ತಿರುವು. ಬೇಸಿಗೆಯಲ್ಲಿ ನನ್ನ ಸ್ವಿಫ್ಟ್ ಕೂಡ ಹೋಗುತ್ತದೆ, ತಳ ಒಂದೆರಡು ಕಡೆ ಉಜ್ಜುತ್ತದೆ ಅಷ್ಟೆ. ಜೂನ್ ಬಂತು ಅಂದ್ರೆ ಕಾರು ಗೇಟಿನ ಹತ್ತಿರವೇ. ಅಲ್ಲಿಂದ ಸಾಮಾನು ಹೊತ್ತುಕೊಂಡು, ಇಂಬಳ ಕಿತ್ತುಕೊಳ್ಳುತ್ತಾ ನಡೆಯಬೇಕು. ಅಪ್ಪನಿಗೆ ಮಂಡಿ ನೋವು ಶುರುವಾಗಿದೆ, ಇನ್ನು ಹೀಗೆ ನಡೆಸೋದು ಕಷ್ಟ.

ನಾನಿರುವುದು ಬೆಂಗಳೂರಿನಲ್ಲಿ. ವಾರದ ಕೊನೆಗೆ ಹಾಸನ, ಬೇಲೂರು ಮೇಲೆ ಬಂದು ಹೋಗುತ್ತೇನೆ. ಹಾಗಾಗಿ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಫೋರ್ ಬೈ ಫೋರ್ ಗಾಡಿ ಬೇಕು, ಹೈವೇಗೂ ಆಗಬೇಕು, ತೋಟಕ್ಕೂ ಆಗಬೇಕು. ಆನ್ ರೋಡ್, ಅಂದ್ರೆ ಟ್ಯಾಕ್ಸು, ಇನ್ಶೂರೆನ್ಸ್ ಎಲ್ಲ ಸೇರಿ, 18 ಲಕ್ಷದವರೆಗೆ ನೋಡಬಹುದು. ಗೆಳೆಯರೆಲ್ಲ ಕಣ್ಣು ಮುಚ್ಚಿಕೊಂಡು ಮಹೀಂದ್ರ ಥಾರ್ ತಗೋ ಅಂತಾರೆ. ಯೂಟ್ಯೂಬ್ ನೋಡಿದರೆ ಒಬ್ಬ ಮಾರುತಿ ಜಿಮ್ನಿ ಅಂತಾನೆ, ಇನ್ನೊಬ್ಬ ಫೋರ್ಸ್ ಗೂರ್ಖಾ ಅಂತಾನೆ. ನನಗೆ ಬಂಡೆ ಹತ್ತಿಸುವ ಆಸೆ ಏನಿಲ್ಲ, ಮಳೆಗಾಲದಲ್ಲಿ ಮನೆ ಬಾಗಿಲಿಗೆ ಹೋಗಿ ನಿಂತರೆ ಸಾಕು. ಕೈ ಕೊಡಬಾರದು, ಅದೇ ಮುಖ್ಯ.

ಹ್ಯಾಂಡ್‌ಪೋಸ್ಟ್

ಜಿಮ್ನಿ ತಗೊಳ್ಳಿ ಮಾರಾಯ್ರೆ. ಕೆಸರಿನಲ್ಲಿ ಮೊದಲು ಲೆಕ್ಕಕ್ಕೆ ಬರುವುದು ತೂಕ. ಜಿಮ್ನಿ ಸುಮಾರು 1200 ಕೆಜಿ, ಥಾರ್ ಅದಕ್ಕಿಂತ ಹತ್ತಿರ ಹತ್ತಿರ ಅರ್ಧ ಟನ್ ಜಾಸ್ತಿ. ಹಗುರ ಗಾಡಿ ಹೂತರೆ ಇಬ್ಬರು ಆಳು ಸೇರಿ ತಳ್ಳಿ ಎಬ್ಬಿಸಬಹುದು, ಭಾರದ್ದು ಹೂತರೆ ಟ್ರ್ಯಾಕ್ಟರ್‌ಗೆ ಫೋನ್ ಮಾಡಬೇಕು, ಅದೂ ಮಳೆಗಾಲದಲ್ಲಿ ಗದ್ದೆ ಕೆಲಸದ ಹೊತ್ತಿಗೆ ಯಾರ ಟ್ರ್ಯಾಕ್ಟರ್ ಖಾಲಿ ಇರುತ್ತದೆ ಹೇಳಿ?

ಇನ್ನೊಂದು, ಅಗಲ. ಜಿಮ್ನಿ 1645 ಮಿಮೀ, ಥಾರ್ 1820. ಶೋರೂಮಿನಲ್ಲಿ ನೋಡಿದರೆ ಇದೇನು ಮಹಾ ಅನಿಸುತ್ತದೆ. ಆದರೆ ನಮ್ಮ ತೋಟದ ದಾರಿಗಳು ಹಳೇ ಎತ್ತಿನಗಾಡಿ ದಾರಿಗಳು, ಒಂದು ಕಡೆ ಸಿಲ್ವರ್ ಓಕ್, ಇನ್ನೊಂದು ಕಡೆ ಚರಂಡಿ. ಅಲ್ಲಿ ಆ ಒಂದು ಗೇಣಿಗೂ ಕಡಿಮೆ ಜಾಗದಲ್ಲಿ ಕನ್ನಡಿ ಉಳಿಯುತ್ತದಾ ಇಲ್ಲವಾ ಅನ್ನುವುದು ತೀರ್ಮಾನ ಆಗುತ್ತದೆ.

ಲ್ಯಾಡರ್ ಫ್ರೇಮ್ (ಏಣಿ ತರದ ಗಟ್ಟಿ ಚಾಸಿ), ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಎಳೆತ ಕೊಡುವ ಗೇರು), ಎಲ್ಲಾ ಮಾಡೆಲ್‌ನಲ್ಲೂ ಬರುತ್ತದೆ. ನಾಲ್ಕು ಬಾಗಿಲು ಇದೆ, ಅಪ್ಪ ಅಮ್ಮ ಹತ್ತಿ ಇಳಿಯೋದಕ್ಕೆ ಸುಲಭ. ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದೆ ಕೂರಬೇಕು ಅಂದ್ರೆ ಮುಂದಿನ ಸೀಟು ಮಡಚಿ ತೂರಬೇಕು, ಮಂಡಿ ನೋವಿನವರಿಗೆ ಅದು ಶಿಕ್ಷೆ.

ಕೊರತೆ ಇಲ್ಲ ಅಂತಲ್ಲ. ಎಂಜಿನ್ 1.5 ಪೆಟ್ರೋಲ್, 105 ಪಿಎಸ್. ಹೈವೇನಲ್ಲಿ ಓವರ್‌ಟೇಕ್ ಮಾಡುವಾಗ ಗೇರ್ ಇಳಿಸಲೇಬೇಕು. ಸೀಟು ನಾಲ್ಕೇ. ಹಿಂದಿನ ಸೀಟು ಮಡಚದಿದ್ದರೆ ಡಿಕ್ಕಿಯಲ್ಲಿ ಎರಡು ಬ್ಯಾಗು, ಒಂದು ಬಾಳೆಗೊನೆ, ಅಷ್ಟೇ.

ಸಕಲೇಶಪುರ_ಡೀಸೆಲ್

ಮೇಲಿನವರು ಹೇಳಿದ್ದು ಅರ್ಧ ಸರಿ. ಚಡಾವಿನಲ್ಲಿ ತಿರುವು ಇದೆ ಅಂದ್ರಲ್ಲ, ಅಲ್ಲೇ ಥಾರ್ ಬೇಕಾಗುವುದು. ಯಾಕೆ ಅಂದ್ರೆ, ತಿರುವಿನಲ್ಲಿ ಮಳೆ ನೀರು ಅಡ್ಡ ಹರಿದು ಗುಂಡಿ ಕೊರೆದಿರುತ್ತದೆ. ಗಾಡಿ ಓರೆಯಾಗಿ ಹತ್ತುವಾಗ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ. ಮಾಮೂಲಿ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರು) ಆದರೆ ಶಕ್ತಿಯೆಲ್ಲ ಆ ತೇಲುವ ಚಕ್ರಕ್ಕೇ ಹೋಗುತ್ತದೆ, ಅದು ಸುಮ್ನೆ ತಿರುಗುತ್ತದೆ, ನೆಲದ ಮೇಲಿರುವ ಚಕ್ರ ಕದಲುವುದೇ ಇಲ್ಲ. ಜಿಮ್ನಿ ಇದಕ್ಕೆ ಬ್ರೇಕ್ ಬಳಸುತ್ತದೆ, ತಿರುಗುವ ಚಕ್ರವನ್ನು ಕಂಪ್ಯೂಟರ್ ಹಿಡಿದು ನಿಲ್ಲಿಸಿ ಇನ್ನೊಂದಕ್ಕೆ ಶಕ್ತಿ ಕಳಿಸುತ್ತದೆ. ಕೆಲಸ ಮಾಡುತ್ತದೆ, ಆದರೆ ನೀವು ಧೈರ್ಯವಾಗಿ ಆಕ್ಸಿಲರೇಟರ್ ಒತ್ತಿ ಹಿಡಿದುಕೊಂಡಿರಬೇಕು. ಹೊಸಬರು ಚಕ್ರ ತಿರುಗಿದ ಸದ್ದಿಗೆ ಹೆದರಿ ಕಾಲು ತೆಗೆದುಬಿಡುತ್ತಾರೆ. ಥಾರ್‌ನ ಮೇಲಿನ ಮಾಡೆಲ್‌ಗಳಲ್ಲಿ ಹಿಂದೆ ಮೆಕ್ಯಾನಿಕಲ್ ಲಾಕರ್ ಇದೆ, ಟಕ್ ಅಂತ ಸದ್ದಾಗಿ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ, ಹತ್ತಿಬಿಡುತ್ತದೆ.

ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲದಿಂದ ತಳದ ಎತ್ತರ, ಥಾರ್‌ಗೆ 226 ಮಿಮೀ, ಜಿಮ್ನಿಗೆ 210. ಥಾರ್‌ನ 2.2 ಡೀಸೆಲ್‌ಗೆ 300 ಎನ್‌ಎಂ ಟಾರ್ಕ್ (ಎಳೆಯುವ ಬಲ), ಜಿಮ್ನಿಗೆ 134. ಗೊಬ್ಬರದ ಮೂಟೆ ಹೇರಿಕೊಂಡು ಚಡಾವು ಹತ್ತಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ. ಥಾರ್ ಅಂದ ಮಾತ್ರಕ್ಕೆ ಫೋರ್ ಬೈ ಫೋರ್ ಅಲ್ಲ. 1.5 ಡೀಸೆಲ್ ಬರುವುದು ಹಿಂದಿನ ಚಕ್ರದ ಡ್ರೈವ್‌ನಲ್ಲಿ ಮಾತ್ರ, ರೇಟು ಕಡಿಮೆ ಅಂತ ಅದನ್ನು ಬುಕ್ ಮಾಡಿ ಆಮೇಲೆ ಕೆಸರಿನಲ್ಲಿ ನಿಂತವರನ್ನು ನೋಡಿದ್ದೇನೆ. ಐದು ಬಾಗಿಲಿನ ಥಾರ್ ರಾಕ್ಸ್ ಚೆನ್ನಾಗಿದೆ, ಆದರೆ ಅದರಲ್ಲಿ ಫೋರ್ ಬೈ ಫೋರ್ ಡೀಸೆಲ್‌ಗೆ ಮಾತ್ರ, ನಿಮ್ಮ ಬಜೆಟ್‌ಗೆ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ 10 ಲಕ್ಷ ದಾಟಿದರೆ ರೋಡ್ ಟ್ಯಾಕ್ಸೇ 17 ಪರ್ಸೆಂಟ್, ಅದರ ಮೇಲೆ ಸೆಸ್ಸು, ಆನ್ ರೋಡ್ ರೇಟು ಕೇಳಿದರೆ ತಲೆ ತಿರುಗುತ್ತದೆ.

ಎರೆಹೊಲ_ಗದಗ

ನಮ್ಮ ಕಡೆ ಎರೆ ಮಣ್ಣು ರೀ. ಮಳೆ ಬಿದ್ದ ಮೇಲೆ ಹೊಲಕ್ಕೆ ಇಳಿದರೆ ಥಾರ್ ಇರಲಿ, ಜಿಮ್ನಿ ಇರಲಿ, ಹತ್ತು ಮಾರು ಹೋಗೋದರೊಳಗೆ ಟೈರಿನ ಗೆರೆಗಳೆಲ್ಲ ತುಂಬಿ ನುಣ್ಣಗಾಗಿಬಿಡುತ್ತವೆ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿಕೊಂಡು ಚಕ್ರ ತಿರುಗೋದಕ್ಕೇ ಜಾಗ ಇರುವುದಿಲ್ಲ, ಕೋಲು ತಗೊಂಡು ಕೆರೆದು ತೆಗೆಯಬೇಕು. ಅದಕ್ಕೇ ನಾವು ಮಳೆ ನಿಂತು ಹೊಲ ಸ್ವಲ್ಪ ಆರುವ ತನಕ ಗಾಡಿ ತೆಗೆಯುವುದಿಲ್ಲ.

ನಿಮ್ಮದು ಕೆಂಪು ಮಣ್ಣು, ಕೆಳಗೆ ಕಲ್ಲು ಇರುತ್ತದೆ, ಅಷ್ಟು ಕಷ್ಟ ಇಲ್ಲ. ಆದರೂ ಹೇಳುವುದು ಒಂದೇ, ಎರಡು ಗಾಡಿ ನಡುವೆ ಜಗಳ ಮಾಡುವುದಕ್ಕಿಂತ ಟೈರಿಗೆ ದುಡ್ಡು ಇಟ್ಟುಕೊಳ್ಳಿ. ಕಂಪನಿಯಿಂದ ಬರುವ ಟೈರು ಹೈವೇಗೆ ಸರಿ. ಮಣ್ಣು, ಟಾರು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು ಹಾಕಿಸಿ, ಕೆಸರಿಗೆ ಇಳಿಯುವ ಮುಂಚೆ ಗಾಳಿ 18-20 ಪಿಎಸ್‌ಐಗೆ ಇಳಿಸಿ, ಟೈರು ಅಗಲವಾಗಿ ಕೂರುತ್ತದೆ, ಹಿಡಿತ ಬರುತ್ತದೆ. ಟಾರ್ ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಲೇಬೇಕು. ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಪಂಪ್ ಒಂದು ಸಾಕು.

ಹಳೇಜೀಪು

ಎಲ್ಲರದ್ದೂ ಓದಿದೆ. ನಿಮ್ಮ ಊರಿನಲ್ಲಿ ಈಗ ಮಳೆಗಾಲದಲ್ಲಿ ಆ ದಾರಿಯಲ್ಲಿ ಯಾರ ಗಾಡಿ ಓಡುತ್ತದೆ ನೋಡಿದ್ದೀರಾ? ಹಳೇ ಮಹೀಂದ್ರ ಜೀಪು, ಇಲ್ಲದಿದ್ದರೆ ಬೊಲೆರೊ ಕ್ಯಾಂಪರ್, ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿರುತ್ತಾರೆ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನ ಹತ್ತಿಸುವ ಜೀಪುಗಳನ್ನು ನೋಡಿ, ಅವಕ್ಕೆ ಯಾವ ಸ್ಕ್ರೀನು, ಯಾವ ಸೆನ್ಸರು? ಎಲೆ ಪಟ್ಟಿ (ಲೀಫ್ ಸ್ಪ್ರಿಂಗ್) ಮುರಿದರೆ ಊರಿನ ಮೇಸ್ತ್ರಿಯೇ ಮಧ್ಯಾಹ್ನದೊಳಗೆ ಕಟ್ಟಿಕೊಡುತ್ತಾನೆ. ನಂಬಿಕೆಯ ಗಾಡಿ ಅಂದ್ರೆ ಕೆಡದ ಗಾಡಿ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ತೋಟದವರಿಗೆ ಅದು ಹತ್ತಿರದಲ್ಲೇ ರಿಪೇರಿ ಆಗುವ ಗಾಡಿ.

ಈಗಿನ ಬಿಎಸ್6 (ಹೊಗೆ ಕಡಿಮೆ ಇರಬೇಕು ಅನ್ನುವ ನಿಯಮದ) ಡೀಸೆಲ್ ಬಗ್ಗೆ ಯಾರೂ ಹೇಳಲಿಲ್ಲ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕು ಅಂದ್ರೆ ಆಗಾಗ ಗಾಡಿ ಹೈವೇನಲ್ಲಿ ಒಂದೇ ವೇಗದಲ್ಲಿ ಓಡಬೇಕು. ಬರೀ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಸರ್ವೀಸ್ ಸೆಂಟರ್ ದಾರಿ ಹಿಡಿಯಬೇಕು. ನೀವು ಬೆಂಗಳೂರಿಗೆ ಓಡಾಡುತ್ತೀರಿ, ನಿಮಗೆ ತೊಂದರೆ ಆಗಲಿಕ್ಕಿಲ್ಲ. ಗಾಡಿ ತೋಟದಲ್ಲೇ ಬಿಟ್ಟು ಅಪ್ಪ ಓಡಿಸುವುದಾದರೆ ಡೀಸೆಲ್ ಬೇಡ.

ಕೊನೆಗೆ, ಬೈಯಬೇಡಿ, ಆ ಚಡಾವಿಗೆ ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ಪಕ್ಕದಲ್ಲಿ ಚರಂಡಿ ಕಡಿಸಿ ನೀರು ದಾರಿಗೆ ಬರದ ಹಾಗೆ ಮಾಡಿ. ಮಾರ್ಚ್‌ನಲ್ಲಿ ಮಾಡಿದರೆ ಜೂನ್‌ಗೆ ಗಟ್ಟಿಯಾಗಿರುತ್ತದೆ. ಆಮೇಲೆ ಯಾವ ಗಾಡಿ ಅನ್ನುವ ಪ್ರಶ್ನೆಯೇ ಅರ್ಧ ಕರಗುತ್ತದೆ.

ರೊಬಸ್ಟಾ_ಹುಡುಗ

ಅಬ್ಬಾ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಕಾಂಕ್ರೀಟ್ ಪಟ್ಟಿ ಮಾತು ಅಪ್ಪನಿಗೆ ಹೇಳಿದೆ, ನಾನು ಹತ್ತು ವರ್ಷದಿಂದ ಹೇಳ್ತಾ ಇದ್ದೀನಲ್ಲೋ ಅಂದರು. ಗಾಡಿ ಬೆಂಗಳೂರಿನಲ್ಲೇ ಇರುತ್ತದೆ, ಆದರೆ ಸುಗ್ಗಿ ಸಮಯದಲ್ಲಿ ಅಪ್ಪನ ಹತ್ತಿರ ಬಿಡಬೇಕಾಗುತ್ತದೆ. ಅಮ್ಮನೂ ಹಿಂದೆ ಕೂರುವವರು. ಹಾಗಾಗಿ ಮನಸ್ಸು ಜಿಮ್ನಿ ಕಡೆ ವಾಲಿದೆ. ಎರಡು ಪ್ರಶ್ನೆ. ಆಟೊಮ್ಯಾಟಿಕ್ಕಾ, ಮ್ಯಾನುಯಲ್ಲಾ? ಹಳ್ಳದಲ್ಲಿ ಎಷ್ಟು ನೀರಿದ್ದರೆ ಇಳಿಸಬಹುದು?

ಹ್ಯಾಂಡ್‌ಪೋಸ್ಟ್

ಅಪ್ಪ ಓಡಿಸುವುದಾದರೆ ಆಟೊಮ್ಯಾಟಿಕ್. ನಾಲ್ಕೇ ಗೇರಿನ ಹಳೇ ತರದ್ದು, ಹೈವೇನಲ್ಲಿ ಎಂಜಿನ್ ಕೂಗುತ್ತದೆ, ಮೈಲೇಜೂ ಸ್ವಲ್ಪ ಕಡಿಮೆ. ಆದರೆ ಚಡಾವಿನಲ್ಲಿ ಅರ್ಧ ಕ್ಲಚ್ ಹಿಡಿದು ಸುಟ್ಟು ವಾಸನೆ ಬರಿಸುವ ಭಯ ಇಲ್ಲ. ನೀವೊಬ್ಬರೇ ಓಡಿಸುವುದಾದರೆ ಮ್ಯಾನುಯಲ್. ಇಳಿಯುವಾಗ ಲೋ ರೇಂಜ್, ಒಂದನೇ ಗೇರ್, ಬ್ರೇಕ್‌ನಿಂದ ಕಾಲು ತೆಗೆಯಿರಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಲೋ ರೇಂಜ್‌ಗೆ ಹಾಕುವ ಮುಂಚೆ ಗಾಡಿ ಪೂರ್ತಿ ನಿಂತಿರಬೇಕು. ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬೇಡಿ, ತಿರುವಿನಲ್ಲಿ ಎಲ್ಲಾ ಚಕ್ರ ಒಂದೇ ವೇಗದಲ್ಲಿ ಹೋಗುವುದಿಲ್ಲ, ಒತ್ತಡ ಪೂರ್ತಿ ಗೇರಿನ ಮೇಲೆ ಬೀಳುತ್ತದೆ.

ಸಕಲೇಶಪುರ_ಡೀಸೆಲ್

ಸರಿ, ಅಮ್ಮ ಹಿಂದೆ ಕೂರುತ್ತಾರೆ ಅಂದ ಮೇಲೆ ನಾನು ಸುಮ್ಮನಾಗುತ್ತೇನೆ.

ಹಳ್ಳದ ವಿಷಯ ಹೇಳಿಬಿಡುತ್ತೇನೆ. ಥಾರ್‌ಗೆ ಕಂಪನಿ 650 ಮಿಮೀ ಅನ್ನುತ್ತದೆ, ಗೂರ್ಖಾಕ್ಕೆ 700, ಅದಕ್ಕೆ ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ) ಕೂಡ ಜೊತೆಗೇ ಬರುತ್ತದೆ. ಅವೆಲ್ಲ ನಿಂತ ನೀರಿನ ಲೆಕ್ಕ. ಹರಿಯುವ ನೀರು ಮೊಣಕಾಲಿಗೆ ಬಂದರೂ ಹಗುರ ಗಾಡಿಯನ್ನು ಪಕ್ಕಕ್ಕೆ ನೂಕುತ್ತದೆ. ನಾನು ಮಾಡುವುದು ಹೀಗೆ, ಮೊದಲು ಕೋಲು ಹಿಡಿದು ನಡೆದು ನೋಡುತ್ತೇನೆ. ನೀರು ಚಕ್ರದ ನಡು ಬಟ್ಟಲಿಗಿಂತ ಮೇಲೆ ಇದ್ದರೆ, ಅಥವಾ ಕೆಂಪಗೆ ಕದಡಿ ತಳ ಕಾಣದಿದ್ದರೆ ಈ ಕಡೆಯೇ ನಿಲ್ಲಿಸುತ್ತೇನೆ. ಎಂಜಿನ್ ಒಳಗೆ ನೀರು ಎಳೆದುಕೊಂಡರೆ ಮಾಮೂಲಿ ಇನ್ಶೂರೆನ್ಸ್ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಸೇರಿಸಿಕೊಳ್ಳಬೇಕು, ಬುಕ್ ಮಾಡುವಾಗಲೇ ಕೇಳಿ.

ಹಳೇಜೀಪು

ಮುಂದೆ ಬುಲ್ ಬಾರ್ (ಬಂಪರ್ ಮೇಲಿನ ಕಬ್ಬಿಣದ ಕಂಬಿ) ಹಾಕಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ, 2017ರಲ್ಲೇ ಕೇಂದ್ರ ಸರ್ಕಾರ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಹೇಳಿದೆ, ಏರ್‌ಬ್ಯಾಗ್‌ಗೂ ತೊಂದರೆ. ಆ ದುಡ್ಡಿನಲ್ಲಿ ಒಂದು ಒಳ್ಳೆ ಎಳೆಯುವ ಹಗ್ಗ, ಹಗ್ಗ ಸಿಕ್ಕಿಸಲು ಎರಡು ಶ್ಯಾಕಲ್ (ಕಬ್ಬಿಣದ ಕೊಂಡಿ), ಒಂದು ಗುದ್ದಲಿ, ಚಕ್ರದ ಕೆಳಗೆ ಹಾಕಲು ಹಳೇ ಗೋಣಿಚೀಲ ಇಟ್ಟುಕೊಳ್ಳಿ. ಟೈರು ಕಂಪನಿ ಅಳತೆಯಲ್ಲೇ, 195/80 ಆರ್15 ಆಲ್ ಟೆರೇನ್ ಸಿಗುತ್ತದಾ ಅಂತ ಹಾಸನದಲ್ಲಿ ವಿಚಾರಿಸಿ, ಸಿಗದಿದ್ದರೆ ಬೆಂಗಳೂರಿನಿಂದಲೇ ಹಾಕಿಸಿಕೊಂಡು ಬನ್ನಿ. ಮತ್ತೆ ಸ್ವಿಫ್ಟ್ ಮಾರುವುದಾದರೆ ಮಳೆಗಾಲಕ್ಕೆ ಮುಂಚೆ ಮಾರಿ, ತಳ ಉಜ್ಜಿದ್ದು ಆಮೇಲೆ ತುಕ್ಕು ಹಿಡಿದು ಎದ್ದು ಕಾಣುತ್ತದೆ.